ಡ್ರಿಲ್ ಮೇಷ್ಟರ ನಾಲ್ಕು ಬಾಟಲಿಗಳು

ಬಾಟಲಿಗೆ ಸುತ್ತಿದ್ದದ್ದು ಅಚ್ಚು ಕೆಟ್ಟ ಒಂದು ಲಗ್ನಪತ್ರಿಕೆ. ವಧುವಿನ ಹೆಸರು ಒಂದರ ಮೇಲೊಂದು ಎರಡು ಸಲ ಬಿದ್ದು, ಅದರ ಕೆಂಪು ಮಸಿ ಒದ್ದೆ ಗಾಜಿಗೆ ಅಂಟಿಕೊಂಡಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆದೆ. ಅದು ಕೆಮ್ಮಿನ ಔಷಧಿಯ ಹಳೆಯ ಬಾಟಲಿ. ಕುತ್ತಿಗೆಯವರೆಗೂ ಮೂತ್ರ ತುಂಬಿತ್ತು.

ಅದನ್ನು ತಂದುಕೊಟ್ಟ ಗಂಡಸಿನ ಬಾಟಲಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದದ್ದು ಅದೇನೂ ಮೊದಲ ಸಲವಲ್ಲ. ಆದರೆ ಆತನನ್ನು ನಾನು ನೋಡಿರಲಿಲ್ಲ. ನೋಡುವಂತೆಯೂ ಇರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಚಾಮರಾಜಪೇಟೆಯ ಆ ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಬೆಳೆಸಿ ಗುರುತಿಸುವ ಕೆಲಸ ನನ್ನದು. ಅಲ್ಲಿ ಒಂದು ಕಟ್ಟಳೆಯಿತ್ತು. ರಕ್ತ, ಕಫ, ಹೆಂಗಸರ ಯಾವುದೇ ಮಾದರಿ ಮುಂದಿನ ಕೌಂಟರಿನಲ್ಲಿ ನನ್ನ ಕೈಗೆ ಬರಬಹುದು. ಗಂಡಸರ ಮೂತ್ರ ಮಾತ್ರ ಪಕ್ಕದ ಓಣಿಯ ಕಿಟಕಿಯಿಂದ ಅಟೆಂಡರ್ ತೆಗೆದುಕೊಳ್ಳಬೇಕು. ಹೇಗೆ ಹಿಡಿಯಬೇಕು, ಎಷ್ಟು ಹಿಡಿಯಬೇಕು ಎಂದು ಹೇಳುವವನೂ ಅವನೇ. ಐವತ್ತು ದಾಟಿದ, ಬಾಯ್ತುಂಬ ಎಲೆಯಡಿಕೆಯ ಆ ಮನುಷ್ಯ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಬಾಟ್ಲಿ ತುಂಬ್ಸಿ ತಗೊಂಬನ್ನಿ ಸ್ವಾಮಿ. ಕಂಜೂಸಿ ಮಾಡ್ಬೇಡಿ."

ಮದುವೆಯಾಗದ ಹುಡುಗಿ ಗಂಡಸರ ಮುಂದೆ ನಿಂತು ಅಂಥ ಮಾತು ಹೇಳುವುದು ಮರ್ಯಾದೆಯಲ್ಲ ಎಂಬುದು ನಮ್ಮ ಯಜಮಾನರ ನಿಲುವು. ಅವರು ವಯಸ್ಸಾದ ಪೆಥಾಲಜಿಸ್ಟ್, ಕೆಟ್ಟವರಲ್ಲ. ನನ್ನ ಮೇಜಿಗೂ ಓಣಿಯ ಕಿಟಕಿಗೂ ನಡುವೆ ಹಸಿರು ಪರದೆಯೊಂದನ್ನು ಅವರೇ ಹಾಕಿಸಿದ್ದರು. ಆ ಪರದೆಯಿಂದ ನನ್ನ ಮಾನ ಎಷ್ಟು ಉಳಿಯಿತೋ ಕಾಣೆ. ಎಷ್ಟು ಗಂಡಸರ ರೋಗ ಅದರ ಹಿಂದೆ ಅಡಗಿ ಉಳಿಯಿತೆಂಬುದು ಮಾತ್ರ ನಿಧಾನವಾಗಿ ತಿಳಿಯಿತು.

ಇನ್ನೊಂದು ಕಟ್ಟಳೆ ವರದಿಯದು. ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ರೋಗಾಣುಗಳಿದ್ದರೆ 'ಬೆಳವಣಿಗೆ ಇಲ್ಲ' ಎಂದು ಬರೆಯಬೇಕು. ಮೂತ್ರಕೋಶದ ಸೋಂಕಿಗೆ ಆ ಅಳತೆ ಸರಿ. ಕಡಿಮೆ ಸಂಖ್ಯೆಯವು ಸಾಮಾನ್ಯವಾಗಿ ಚರ್ಮದಿಂದಲೋ ಬಾಟಲಿಯಿಂದಲೋ ಬಂದವಾಗಿರುತ್ತವೆ. ಆದರೆ ಅದೇ ಅಳತೆಯನ್ನು ಎಲ್ಲದಕ್ಕೂ ಹಿಡಿಯುವುದು ಸೋಮಾರಿತನ. ಲಗ್ನಪತ್ರಿಕೆಯ ಈ ಗಂಡಸಿನ ಮೂತ್ರದಲ್ಲಿ ಪ್ರತಿ ಸಲವೂ ಸೂಕ್ಷ್ಮದರ್ಶಕದಡಿ ಕೀವುಕಣಗಳು ಕಾಣುತ್ತಿದ್ದವು. ಮೂತ್ರ ಸವರಿ ರೋಗಾಣು ಬೆಳೆಸುವ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಗುಲಾಬಿ ಚುಕ್ಕೆ, ಒಂದೊಂದೂ ಬೆಳೆದ ರೋಗಾಣುಗಳ ಗುಂಪು. ವರದಿ ಮಾತ್ರ 'ಬೆಳವಣಿಗೆ ಇಲ್ಲ'.

ಆ ಎರಡು ಪದ ಒಂದು ಸಂಸಾರಕ್ಕೆ ಏನು ಮಾಡಿದೆ ಎಂದು ನನಗೆ ಹೇಳಿದವಳು ಆತನ ಹೆಂಡತಿ. ಅವಳು ಬಂದದ್ದು ರಕ್ತ ಪರೀಕ್ಷೆಗೆ. ಹೆಂಗಸಾದ್ದರಿಂದ ಮುಂದಿನ ಕೌಂಟರಿಗೇ ಬಂದಳು. ಕೂರಿ ಎಂದರೆ ಕೂರಲಿಲ್ಲ.

"ಕೂರಕ್ಕಾಗಲ್ಲ ಮೇಡಂ. ಎರಡೂ ಕಡೆ ಸೂಜಿ ಚುಚ್ಚವ್ರೆ."

"ಯಾವ ಸೂಜಿ?"

"ಪೆನ್ಸಿಲಿನ್ನು. ನಮ್ಮೆಜಮಾನ್ರಿಗೆ ಮೊದ್ಲು, ಆಮೇಲೆ ನಂಗೆ. ಇಬ್ಬರಿಗೂ ಕೊಟ್ರೇನೇ ಹೋಗೋದಂತೆ."

"ನಿಮಗೇನು ತೊಂದರೆ ಇತ್ತು?"

ಅವಳು ನನ್ನ ಮುಖವನ್ನೇ ನೋಡಿದಳು. "ನಂಗೇನಿತ್ತು? ಏನೂ ಇರ್ಲಿಲ್ಲ."

ಅವಳ ಗಂಡ ಅಲ್ಲೇ ಹತ್ತಿರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟರು. ಒಂದು ವರ್ಷದಿಂದ ಮೂತ್ರ ಮಾಡುವಾಗ ಉರಿ, ಸೊಂಟದ ಕೆಳಗೆ ನೋವು, ಸೈಕಲ್ ಸೀಟಿನ ಮೇಲೆ ಕೂತರೆ ಕಣ್ಣಲ್ಲಿ ನೀರು. ಬಡಾವಣೆಯ ಕ್ಲಿನಿಕ್ಕಿನ ಡಾಕ್ಟರು ನಮ್ಮ ವರದಿ ತರಿಸಿಕೊಂಡು ತರ್ಕ ಮಾಡಿದ್ದರು: ಕೀವು ಇದೆ, ಮಾಮೂಲಿ ರೋಗಾಣು ಬೆಳೆಯಲಿಲ್ಲ, ಆದ್ದರಿಂದ ಇದು ಮಾಮೂಲಿ ರೋಗವಲ್ಲ. ಇಷ್ಟಕ್ಕೇ ನಿಲ್ಲದೆ ಹೆಂಡತಿಯ ಅಣ್ಣನ ಮುಂದೆಯೇ ಮೇಷ್ಟರನ್ನು ಕೇಳಿದ್ದರು: "ಹೊರಗಡೆ ಸಹವಾಸ ಉಂಟೇನ್ರಿ?" ಅಣ್ಣನಿಗೆ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ. ಊರಿನವರ ಮಾನಮರ್ಯಾದೆಯೆಲ್ಲ ತನ್ನ ಅಂಗಡಿಯಲ್ಲೇ ಅಚ್ಚಾಗುವುದೆಂದು ನಂಬಿದ ಮನುಷ್ಯ. ತಂಗಿಯನ್ನು ಮಾವಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋಗಿದ್ದ. ಕಾರ್ಡಿಗೆ ಅರಿಶಿನ ಹಚ್ಚುವ ಕೆಲಸಕ್ಕೆ ಕೂರಿಸಿ, ವಿಚ್ಛೇದನಕ್ಕೆ ಲಾಯರನ್ನು ಕಾಣುವ ಮಾತಾಡುತ್ತಿದ್ದ.

"ಅಣ್ಣ ಹೇಳ್ತಾನೆ, ರಿಪೋರ್ಟಲ್ಲಿ ಏನೂ ಇಲ್ಲ ಅಂದ್ಮೇಲೆ ಇನ್ನೇನಿರತ್ತೆ, ಅದೇನೇ ಅಂತ. ಮೇಡಂ, ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅಂತ ತಾನೇ ಅರ್ಥ?"

ನಾನು ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ರಕ್ತ ತೆಗೆದೆ. ಸಂಜೆಯ ಹೊತ್ತಿಗೆ ಪರೀಕ್ಷೆ ಮುಗಿಯಿತು. ಲೈಂಗಿಕ ರೋಗದ ಸುಳಿವೇ ಇರಲಿಲ್ಲ. ಮೇಷ್ಟರ ರಕ್ತದಲ್ಲಿಯೂ ಹಿಂದೆ ಇರಲಿಲ್ಲ. ಕ್ಲಿನಿಕ್ಕಿನ ಡಾಕ್ಟರು ಅದಕ್ಕೂ ಉತ್ತರ ಇಟ್ಟುಕೊಂಡಿದ್ದರಂತೆ: "ರಕ್ತದಲ್ಲಿ ಸಿಗೋದಿಲ್ಲಮ್ಮ, ಒಳಗೆ ಅಡಗಿರುತ್ತೆ." ಅಡಗಿತ್ತು ನಿಜ. ಅವರು ಹೇಳಿದ್ದು ಮಾತ್ರ ಅಲ್ಲ.

ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಗ್ರಂಥಿಯೊಂದಿದೆ: ಪ್ರಾಸ್ಟೇಟ್. ಅದಕ್ಕೆ ಉರಿಯೂತ ಬಂದರೆ ಮೇಷ್ಟರಿಗೆ ಆಗುತ್ತಿದ್ದದ್ದೆಲ್ಲ ಆಗುತ್ತದೆ. ರೋಗಾಣು ಬಂದಿದ್ದರೆ ಬಹುಮಟ್ಟಿಗೆ ಅದು ಆತನ ಕರುಳಿನಲ್ಲೇ ಇರುವಂಥದ್ದು. ಗ್ರಂಥಿಯ ಸಣ್ಣ ಸಣ್ಣ ನಾಳಗಳೊಳಗೆ ಸೇರಿಕೊಂಡು, ಆಗಾಗ ಒಂದಿಷ್ಟು ಮೂತ್ರಕ್ಕೆ ಬೀಳುತ್ತದೆ. ಬಾಟಲಿ ತುಂಬ ಮೂತ್ರದಲ್ಲಿ ಆ ಒಂದಿಷ್ಟು ಕರಗಿ ಹೋಗುತ್ತದೆ. ಉಳಿದದ್ದನ್ನು ನಮ್ಮ ಲಕ್ಷದ ಲೆಕ್ಕ ಅಳಿಸಿ ಹಾಕುತ್ತದೆ.

ಇದನ್ನು ಹಿಡಿಯುವ ಕ್ರಮವನ್ನು ನಾನು ಓದುವ ದಿನಗಳಲ್ಲಿ ಕಾಲೇಜಿನ ಲೈಬ್ರರಿಯ ವಿದೇಶಿ ಪತ್ರಿಕೆಯೊಂದರಲ್ಲಿ ಕಂಡಿದ್ದೆ. ನಾಲ್ಕು ಶುದ್ಧ ಬಾಟಲಿ ಬೇಕು. ಮೊದಲು ಬರುವ ಸ್ವಲ್ಪ ಮೂತ್ರ ಒಂದರಲ್ಲಿ: ಅದು ಮೂತ್ರನಾಳದ್ದು. ನಡುವಿನ ಧಾರೆ ಎರಡರಲ್ಲಿ: ಅದು ಮೂತ್ರಕೋಶದ್ದು. ಆಮೇಲೆ ಡಾಕ್ಟರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಒತ್ತಿದಾಗ ಬರುವ ಕೆಲವೇ ಹನಿ ಮೂರರಲ್ಲಿ. ಒತ್ತಿದ ಮೇಲೆ ಮಾಡುವ ಮೂತ್ರದ ಮೊದಲ ಭಾಗ ನಾಲ್ಕರಲ್ಲಿ. ಮೊದಲೆರಡು ಶುದ್ಧವಾಗಿದ್ದು ಕೊನೆಯೆರಡರಲ್ಲಿ ರೋಗಾಣು ಬೆಳೆದರೆ ಅದರ ಮನೆ ಗ್ರಂಥಿಯೇ. ಲಕ್ಷ ಇರಬೇಕಾಗಿಲ್ಲ. ಮೊದಲನೆಯದಕ್ಕಿಂತ ಕೊನೆಯದರಲ್ಲಿ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಸಾಕು.

ಮರುದಿನ ಯಜಮಾನರಿಗೆ ಇದನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮಾ, ಒಳ್ಳೆ ಮನೆ ಹುಡುಗಿ ನೀನು. ನಾಳೆ ಗಂಡಿನ ಕಡೆಯವರು ಬಂದು ಕೆಲಸ ಏನು ಅಂತ ಕೇಳಿದ್ರೆ ನಿಮ್ಮಮ್ಮ ಇದನ್ನ ಹೇಳ್ತಾರಾ?"

"ಅಮ್ಮ ರಕ್ತ ಪರೀಕ್ಷೆ ಅಂತಾರೆ ಸರ್."

"ಅದೇ. ರಕ್ತ ಅನ್ನಬಹುದು. ಇದನ್ನ ಅನ್ನೋಕಾಗತ್ತಾ?"

"ಅವರ ಹೆಂಡತಿಗೆ ಸುಮ್ಮನೆ ಪೆನ್ಸಿಲಿನ್ ಕೊಟ್ಟಿದಾರೆ ಸರ್. ಲಾಯರ ಹತ್ರ ಹೋಗ್ತಿದಾರೆ. ನಮ್ಮ ವರದಿ ಇಟ್ಕೊಂಡು."

"ಡಾಕ್ಟರು ಕಳಿಸಿದ್ದನ್ನ ನಾವು ನೋಡ್ತೀವಿ. ಡಾಕ್ಟರನ್ನೇ ನೋಡೋದು ನಮ್ಮ ಕೆಲಸ ಅಲ್ಲ." ಕನ್ನಡಕವನ್ನು ಮತ್ತೆ ಹಾಕಿಕೊಳ್ಳುತ್ತ ಅಂದರು, "ನಮ್ಮ ಲ್ಯಾಬಲ್ಲಂತೂ ಬೇಡ. ದೊಡ್ಡಾಸ್ಪತ್ರೇಲಿ ಯಾರಾದ್ರೂ ಒಪ್ಪಿದ್ರೆ ಏನಾದ್ರೂ ಮಾಡ್ಕೋ."

ಅದು ಅನುಮತಿಯಲ್ಲ, ತಲೆತಪ್ಪಿಸಿಕೊಳ್ಳುವ ಮಾತು ಎಂದು ನನಗೆ ಗೊತ್ತಿತ್ತು. ಆದರೂ ಅನುಮತಿಯೆಂದೇ ಹಿಡಿದೆ. ಮೂತ್ರರೋಗಗಳ ಸರ್ಜನ್ ಒಬ್ಬರು ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ಅವರಿಗೆ ಫೋನು ಮಾಡಿದೆ. ನಾನು ಹೇಳಿದ್ದನ್ನು ಕೇಳಿ, "ಒತ್ತೋದು ನಂಗೆ ಬಿಡಿ. ತಟ್ಟೆ ತಗೊಂಡು ನೀವೇ ಬರ್ಬೇಕು. ನಮ್ಮ ಲ್ಯಾಬಿಗೆ ಕೊಟ್ರೆ ಸಂಜೆವರೆಗೂ ಬಿಸಿಲಲ್ಲಿ ಇಟ್ಟಿರ್ತಾರೆ" ಎಂದರು.

ಹೆಂಡತಿಯ ಮೂಲಕ ಮೇಷ್ಟರಿಗೆ ಹೇಳಿ ಕಳಿಸಿದೆ. ಮೊದಲ ಬೆಳಿಗ್ಗೆ ಕೆಲಸ ಆಗಲಿಲ್ಲ. ಮೇಷ್ಟರು ಹೊರರೋಗಿಗಳ ಬೆಂಚಿನ ಮೇಲೆ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದರು. ಅಗಲ ಎದೆಯ, ಕೊರಳಲ್ಲಿ ಇನ್ನೂ ಸೀಟಿಯ ದಾರ ಇದ್ದ ಮನುಷ್ಯ. ನನ್ನನ್ನು ಕಂಡು ಎದ್ದು ನಿಂತರು. ಗೌರವಕ್ಕೋ ಕೂರಲಾಗದೆಯೋ ತಿಳಿಯಲಿಲ್ಲ. ಸರ್ಜನ್ ಅವರ ಹಣೆ ಮುಟ್ಟಿ ಕೈ ಹಿಂದೆಗೆದರು.

"ಜ್ವರ ಇದೆಯಲ್ರಿ. ಈಗ ಒತ್ತಿದ್ರೆ ಇರೋದೆಲ್ಲ ರಕ್ತಕ್ಕೆ ಸೇರತ್ತೆ. ಸಾಯ್ಬೇಕು ಅಂತಿದೀರಾ?"

"ಸಾಯೋದೇನೂ ಇಲ್ಲ ಸಾರ್," ಅಂದರು ಮೇಷ್ಟರು. "ರಿಪೋರ್ಟ್ ಬಂದ್ರೆ ಸಾಕು."

ಅವರನ್ನು ವಾರ್ಡಿಗೆ ಸೇರಿಸಿಕೊಂಡು ಜ್ವರ ಇಳಿಸಿದರು. ಉರಿಯೂತ ಜೋರಾಗಿರುವಾಗ ಗ್ರಂಥಿಯನ್ನು ಒತ್ತಬಾರದು. ರೋಗಾಣುನಾಶಕ ನಿಲ್ಲಿಸಿ ಕೆಲವು ದಿನ ಕಾಯದೆ ಪರೀಕ್ಷೆಯನ್ನೂ ಮಾಡಬಾರದು. ಇವೆರಡನ್ನೂ ಸರ್ಜನ್ ಮೇಷ್ಟರಿಗೆ ತಿಳಿಸಿ ಹೇಳಿದ್ದರು. ಎರಡನೆಯದನ್ನು ಮೇಷ್ಟರು ಪಾಲಿಸಲಿಲ್ಲ.

ಎರಡನೆಯ ಸಲ ಪರೀಕ್ಷೆ ನಡೆಯಿತು; ತಟ್ಟೆಗಳಲ್ಲಿ ಏನೂ ಬರಲಿಲ್ಲ, ಗುಲಾಬಿ ಚುಕ್ಕೆ ಒಂದೂ ಇಲ್ಲ. ವಿಷಯ ಹೊರಗೆಳೆದವಳು ಹೆಂಡತಿ. ಅಣ್ಣನಿಗೆ ತಿಳಿಯದಂತೆ ಗಂಡನ ಮನೆಗೆ ಹೋಗಿ ಹುಡುಕಾಡಿ, ಕ್ಯಾಪ್ಸೂಲಿನ ಖಾಲಿ ಪೊಟ್ಟಣವೊಂದನ್ನು ಕಂಡಿದ್ದಳು. ಗಂಡನನ್ನು ಕರೆತಂದು, ನಮ್ಮ ಕೌಂಟರಿನ ಮುಂದೆಯೇ ಅವರ ಜೇಬಿನಿಂದ ಉಳಿದ ಕ್ಯಾಪ್ಸೂಲುಗಳ ಪೊಟ್ಟಣ ತೆಗೆದಳು.

"ಇದೇನ್ರಿ ಇದು? ಕ್ಲಿನಿಕ್ಕಿಂದು ತಾನೇ?"

"ಜ್ವರ ಮತ್ತೆ ಬಂದ್ರೆ ಅಂತ, ಬೆಳಿಗ್ಗೆಗೊಂದು, ಅಷ್ಟೇ ಕಣೇ."

"ಶಾಲೆ ಹುಡುಗ್ರಿಗೆ ಲೈನಲ್ಲಿ ನಿಂತ್ಕೊಳ್ಳೋದು ಕಲಿಸ್ತೀರಾ, ನಿಮಗೇ ಡಾಕ್ಟ್ರು ಹೇಳಿದ ಒಂದು ಮಾತು ಪಾಲ್ಸಕ್ಕೆ ಬರಲ್ವಾ?"

ಓಣಿಯ ಕಿಟಕಿಯಿಂದ ಅಟೆಂಡರ್ ಕೂಗಿದ: "ಮೇಷ್ಟ್ರೇ, ಅಟೆನ್ಶನ್!" ನಗಬಾರದ ಹೊತ್ತಿನಲ್ಲಿ ಮೂವರೂ ನಕ್ಕೆವು. ಅವಳು ನಗುತ್ತಲೇ ಆ ಪೊಟ್ಟಣವನ್ನು ನಮ್ಮ ಕಸದ ಬುಟ್ಟಿಗೆ ಹಾಕಿದಳು.

ಔಷಧಿ ಬಿಟ್ಟ ಕೆಲವು ದಿನಗಳಲ್ಲಿ ನೋವು ಹಿಂತಿರುಗಿತು. ಜ್ವರ ಇರಲಿಲ್ಲ. ಮೂರನೆಯ ಸಲ ಆಸ್ಪತ್ರೆಯ ಕಾರಿಡಾರಿನ ಕಿಟಕಿಯ ಕಟ್ಟೆಯೇ ನನ್ನ ಮೇಜಾಯಿತು. ಸ್ಪಿರಿಟ್ ದೀಪ, ಪಿಪೆಟ್ಟುಗಳು, ಬೆಂಕಿಯಲ್ಲಿ ಕೆಂಪಗೆ ಕಾಯಿಸುವ ತಂತಿಯ ಕುಣಿಕೆ, ಒಂದರಿಂದ ನಾಲ್ಕರವರೆಗೆ ಮೇಣದ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ತಟ್ಟೆಗಳು. ಸಾಲಿನಲ್ಲಿ ನಿಂತ ಗಂಡಸರು ನನ್ನನ್ನು ನೋಡುತ್ತಿದ್ದರು. "ಏನಮ್ಮಾ, ಕಾಫಿ ಕಾಯಿಸ್ತಿದೀರಾ?" ಅಂದ ಒಬ್ಬ. ನಾನು ತಲೆ ಎತ್ತಲಿಲ್ಲ. ಪರೀಕ್ಷೆಯ ಕೋಣೆಯ ಪರದೆಯೊಳಗಿಂದ ಮೇಷ್ಟರು ಹಲ್ಲುಕಚ್ಚಿ ಉಸಿರೆಳೆದ ಸದ್ದು ಕೇಳಿತು. ಆಮೇಲೆ ಸರ್ಜನ್ನರ ಕೈ ಪರದೆಯ ಅಂಚಿನಿಂದ ಮೂರನೆಯ ಬಾಟಲಿಯನ್ನು ಚಾಚಿತು. ತಳದಲ್ಲಿ ಹಾಲು ಬೆರೆತ ನೀರಿನಂಥ ಎರಡು ಮೂರು ಹನಿ.

ಸಾಮಾನ್ಯವಾಗಿ ತಂತಿಯ ಕುಣಿಕೆಯಲ್ಲಿ ಹಿಡಿದಷ್ಟು ಮೂತ್ರವನ್ನು ಮಾತ್ರ ತಟ್ಟೆಗೆ ಸವರುತ್ತೇವೆ. ಕಡಿಮೆ ರೋಗಾಣುಗಳಿದ್ದರೆ ಅಷ್ಟರಲ್ಲಿ ಒಂದೂ ಸಿಗದೆ ಹೋಗಬಹುದು. ಆದ್ದರಿಂದ ಪಿಪೆಟ್ಟಿನಲ್ಲಿ ಅದರ ಹಲವು ಪಟ್ಟು ತೆಗೆದುಕೊಂಡು ಮೂರೂ ಮೂತ್ರದ ತಟ್ಟೆಗಳಿಗೆ ಸಮನಾಗಿ ಹರಡಿದೆ. ಹನಿಗಳನ್ನು ಕುಣಿಕೆಯಿಂದಲೇ ಹಚ್ಚಿದೆ. ನಮ್ಮ ಲ್ಯಾಬಿಗೆ ತಂದು ಇನ್‌ಕ್ಯುಬೇಟರಿನೊಳಗಿಟ್ಟೆ.

ಮರುದಿನ ಬಾಗಿಲು ತೆರೆದಾಗ ಮೊದಲ ತಟ್ಟೆ ಖಾಲಿ. ಎರಡನೆಯದೂ ಖಾಲಿ. ಮೂರನೆಯದರಲ್ಲಿ, ಹನಿ ಹಚ್ಚಿದ ಗೆರೆಗಳ ಉದ್ದಕ್ಕೂ, ದಟ್ಟ ಗುಲಾಬಿ. ನಾಲ್ಕನೆಯದರಲ್ಲಿ ಬಿಡಿಬಿಡಿಯಾಗಿ ಎಣಿಸಲು ಬರುವಂಥ ಗುಲಾಬಿ ಚುಕ್ಕೆಗಳು. ಕರುಳಿನ ಮಾಮೂಲಿ ರೋಗಾಣು. ಯಾವ ಸಹವಾಸದ್ದೂ ಅಲ್ಲ. ಯಾವ ಔಷಧಿಗೆ ಅದು ಸಾಯುತ್ತದೆಂದು ತಿಳಿಯಲು, ಔಷಧಿಗಳಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟು ಇನ್ನೊಂದು ತಟ್ಟೆ ಹಾಕಿದೆ. ಅದರ ಫಲಿತಾಂಶ ಮಾರನೆಯ ದಿನ ಬಂತು. ಪೆನ್ಸಿಲಿನ್ ಬಿಲ್ಲೆಯ ಅಂಚಿನವರೆಗೂ ರೋಗಾಣು ಆರಾಮವಾಗಿ ಬೆಳೆದಿತ್ತು. ಮೇಷ್ಟರಿಗೂ ಅವರ ಹೆಂಡತಿಗೂ ಚುಚ್ಚಿದ್ದೆಲ್ಲ ಅದೇ ಔಷಧಿ. ಕ್ಯಾಪ್ಸೂಲಿನ ಔಷಧಿಯ ಬಿಲ್ಲೆಯ ಸುತ್ತ ಕಿರಿದಾದ ಖಾಲಿ ವೃತ್ತ: ರೋಗಾಣುವನ್ನು ಅಡಗಿಸುವಷ್ಟು, ಕೊಲ್ಲುವಷ್ಟಲ್ಲ. ಸಲ್ಫಾ ಮತ್ತು ಟ್ರೈಮೆಥೊಪ್ರಿಮ್ ಜೋಡಿಯ ಬಿಲ್ಲೆಯ ಸುತ್ತ ಮಾತ್ರ ಅಗಲವಾದ ಖಾಲಿ ವೃತ್ತ.

ಯಜಮಾನರ ಮುಂದೆ ತಟ್ಟೆಗಳನ್ನು ಸಾಲಾಗಿ ಇಟ್ಟೆ. ನಾಲ್ಕನೆಯದನ್ನು ಬೆಳಕಿಗೆ ಹಿಡಿದು ನೋಡಿದರು.

"ಲೆಕ್ಕ ಹಾಕಿದ್ರೆ ಎಷ್ಟಾಗತ್ತೆ?"

"ಕೆಲವು ಸಾವಿರ ಸರ್."

"ಲಕ್ಷ ಇಲ್ಲವಲ್ಲ. ಬೆಳವಣಿಗೆ ಇಲ್ಲ ಅಂತ ಬರಿ."

"ನಿಮ್ಮ ಕೈಯಲ್ಲೇ ಇದೆಯಲ್ಲ ಸರ್, ಬೆಳೆದಿರೋದು."

"ಕ್ಲಿನಿಕ್ ಡಾಕ್ಟರಿಗೆ ನಾನೇನು ಹೇಳ್ಲಿ? ಇಷ್ಟು ದಿನ ಇಲ್ಲ ಅಂದಿದ್ದು ಈಗ ಇದೆ ಅಂತ್ಲಾ? ದಿನಾ ಪೇಷಂಟ್ ಕಳಿಸೋರು ಅವರು."

ಅದು ಅವರ ನಿಜವಾದ ಮಾತು. ಮರ್ಯಾದೆಯ ಪರದೆ ಸರಿಸಿದರೆ ಹಿಂದೆ ಇದ್ದದ್ದು ಇದು. ನನಗೆ ಸಿಟ್ಟು ಬಂತು. ನಾನು ಜಗಳವಾಡುವವಳಲ್ಲ, ದನಿ ಏರಿಸಿದರೆ ನನ್ನ ಮಾತೇ ನನಗೆ ತಪ್ಪುತ್ತದೆ. "ಆ ಎರಡು ಪದ ನಾನು ಬರೆಯೋದಿಲ್ಲ ಸರ್" ಎಂದಷ್ಟೇ ಹೇಳಿ ತಟ್ಟೆಗಳನ್ನು ಎತ್ತಿಕೊಂಡು ಬಂದೆ. ಅವರ ಸಹಿಯಿಲ್ಲದೆ ವರದಿ ಹೋಗುವಂತಿರಲಿಲ್ಲ. ತಟ್ಟೆಗಳಿಗೆ ಯಾರ ಸಹಿಯೂ ಬೇಕಿರಲಿಲ್ಲ.

ನನ್ನ ಊಟದ ಕ್ಯಾರಿಯರಿನ ಮೊಸರನ್ನವನ್ನು ಅಟೆಂಡರಿಗೆ ಕೊಟ್ಟೆ. ಡಬ್ಬಿಗಳನ್ನು ತೊಳೆದು ಒರೆಸಿ, ಅಂಚಿಗೆ ಪ್ಲಾಸ್ಟರ್ ಸುತ್ತಿದ ತಟ್ಟೆಗಳನ್ನು ಒಳಗೆ ಜೋಡಿಸಿದೆ. ಅಟೆಂಡರ್ ಅನ್ನ ಬಾಯಿಗಿಡುತ್ತ ಕೇಳಿದ: "ಅಮ್ಮಾವ್ರೇ, ಇದಕ್ಕೂ ಮುಂಚೆ ಇದ್ರಲ್ಲಿ ಏನೂ ತಗೊಂಡೋಗಿಲ್ಲ ತಾನೇ?" ಇಲ್ಲವೆಂದೆ. ಆತ ಊಟ ಮುಂದುವರಿಸಿದ.

ಮಾರ್ಕೆಟ್ಟಿನ ಗದ್ದಲದ ನಡುವೆ ಕ್ಯಾರಿಯರನ್ನು ಎದೆಗೆ ಒತ್ತಿಕೊಂಡು ನಡೆದೆ. ಆಸ್ಪತ್ರೆಯಲ್ಲಿ ಮೇಷ್ಟರೂ ಅವರ ಹೆಂಡತಿಯೂ ಆಗಲೇ ಬಂದಿದ್ದರು. ತಂಗಿ ಹಟ ಹಿಡಿದು ಕರೆದದ್ದಕ್ಕೆ ಅಣ್ಣನೂ ಬಂದಿದ್ದ; ಬಿಳಿ ಅಂಗಿ, ಬೆರಳ ಸಂದಿಯಲ್ಲಿ ಅರಿಶಿನ. ಸರ್ಜನ್ ಒಂದೊಂದೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಣ್ಣನನ್ನೂ ಹತ್ತಿರ ಕರೆದರು.

"ನೋಡ್ರಿ, ಇದು ಖಾಲಿ. ಇದು ನಿಮ್ಮ ಭಾವನ ಗ್ರಂಥಿಯಿಂದ ಬಂದದ್ದು. ನಿಮ್ಮ ಹೊಟ್ಟೇಲೂ ಇದೇ ಇದೆ, ನನ್ನ ಹೊಟ್ಟೇಲೂ ಇದೇ ಇದೆ. ಇದಕ್ಕೆ ಯಾರ ಸಹವಾಸವೂ ಬೇಕಾಗಿಲ್ಲ."

ಅಣ್ಣ ಬಗ್ಗಿ ತಟ್ಟೆಯನ್ನು ನೋಡಿದ. ಮಾತಾಡಿದವಳು ತಂಗಿ.

"ಹಂಗಾದ್ರೆ ನಂಗ್ಯಾಕೆ ಸೂಜಿ ಚುಚ್ಚಿದ್ರು ಡಾಕ್ಟ್ರೇ?"

ಸರ್ಜನ್ ತಟ್ಟೆಯನ್ನು ಕೆಳಗಿಟ್ಟರು. ಅವಳು ಅಣ್ಣನ ಕಡೆ ತಿರುಗಿದಳು. "ನನ್ನ ಸೀರೆಗಳು ನಿಮ್ಮನೇಲಿವೆ. ಅತ್ತಿಗೆಗೆ ಹೇಳು, ಸಂಜೆ ಬಂದು ತಗೊಂಡು ಹೋಗ್ತೀನಿ."

"ಲಾಯರಿಗೆ ಏನಂತ ಹೇಳ್ಲಿ?" ಅಂದ ಅಣ್ಣ, ಸಣ್ಣ ದನಿಯಲ್ಲಿ.

"ಅವರ ಮಗಳ ಮದುವೆ ಕಾರ್ಡ್ ಇದ್ರೆ ಮಾಡಿಕೊಡ್ತೀನಿ ಅಂತ ಹೇಳು."

ಚಿಕಿತ್ಸೆ ಸುಲಭವಾಗಿರಲಿಲ್ಲ. ಪ್ರಾಸ್ಟೇಟಿನೊಳಗೆ ಹೆಚ್ಚಿನ ಔಷಧಿಗಳು ಇಳಿಯುವುದಿಲ್ಲ. ಇಳಿಯುವಂಥವನ್ನೂ ವಾರಕ್ಕೆ ನಿಲ್ಲಿಸಿದರೆ ನೋವು ಶಮನವಾಗಿ ರೋಗ ಉಳಿಯುತ್ತದೆ. ತಿಂಗಳುಗಟ್ಟಲೆ ಮಾತ್ರೆ, ದಿನಕ್ಕೆರಡು ಸಲ ಬಿಸಿನೀರಿನ ಟಬ್ಬಿನಲ್ಲಿ ಸೊಂಟದವರೆಗೆ ಕೂರುವುದು, ಹೆಚ್ಚು ನೀರು, ಸೈಕಲ್ಲಿಗೆ ರಜೆ. ನಡುವೆ ಒಮ್ಮೆ ನೋವು ಮರುಕಳಿಸಿದಾಗ ಮೇಷ್ಟರು ಮಾತ್ರೆ ಬಿಡುತ್ತೇನೆಂದು ಹಟ ಹಿಡಿದರಂತೆ. "ಬಿಡಿ, ಬಿಟ್ಟು ನೋಡಿ" ಎಂದಳಂತೆ ಹೆಂಡತಿ. ಅವರು ಬಿಡಲಿಲ್ಲ.

ಆ ಕ್ಯಾರಿಯರಿನಲ್ಲಿ ನಾನು ಮತ್ತೆ ಊಟ ಒಯ್ಯಲಿಲ್ಲ. ಬಸ್ಸಿನಲ್ಲಿ ಮರೆತೆ ಎಂದು ಅಮ್ಮನಿಗೆ ಹೇಳಿದೆ.

ಔಷಧಿ ಮುಗಿದು, ಕಾಯಬೇಕಾದಷ್ಟು ಕಾಲ ಕಾದು, ಮತ್ತೆ ನಾಲ್ಕು ಬಾಟಲಿಗಳ ಪರೀಕ್ಷೆ ಮಾಡಿದೆವು. ಅದೇ ಕಿಟಕಿ ಕಟ್ಟೆ, ಅದೇ ದೀಪ. ಎರಡು ದಿನ ಕಾದರೂ ನಾಲ್ಕು ತಟ್ಟೆಗಳಲ್ಲಿ ಒಂದು ಚುಕ್ಕೆಯೂ ಏಳಲಿಲ್ಲ. ಈ ಸಲ ನನ್ನ ಕೈಯಾರೆ 'ಬೆಳವಣಿಗೆ ಇಲ್ಲ' ಎಂದು ಬರೆದೆ. ಯಜಮಾನರು ತಡಮಾಡದೆ ಸಹಿ ಹಾಕಿದರು. ಮೇಷ್ಟರ ಹೆಂಡತಿ ಬಂದು ತೆಗೆದುಕೊಂಡು ಹೋದಳು. ಬಾಗಿಲ ಹೊರಗೆ ಸೈಕಲ್ಲಿನ ಗಂಟೆ ಎರಡು ಸಲ ಕೇಳಿತು.

ಯಜಮಾನರು ಪೆನ್ನಿನ ಮುಚ್ಚಳ ಹಾಕುತ್ತ ಅಂದರು, "ಸರಿ, ಒಂದು ಪುಣ್ಯದ ಕೆಲಸ ಆಯ್ತು. ಇನ್ನು ನಮ್ಮ ಪದ್ಧತಿ ಮೊದಲಿನ ಹಾಗೇ ನಡೀಲಿ, ಏನಮ್ಮಾ?"

ಒಬ್ಬ ಗಂಡಸು ಗುಣವಾದದ್ದು ಅವರಿಗೆ ಪುಣ್ಯ. ಆ ಹೊತ್ತಿಗೂ ಅದೇ ಕ್ಲಿನಿಕ್ಕಿನ ಡಾಕ್ಟರ ಚೀಟಿ ಹಿಡಿದು ಬಂದ ಬಾಟಲಿಗಳು ನನ್ನ ಮೇಜಿನ ಮೇಲಿದ್ದವು. ಎಲ್ಲವೂ ಕುತ್ತಿಗೆಯವರೆಗೆ ತುಂಬಿದ್ದವು. ಅವುಗಳನ್ನು ತಂದವರಿಗೂ ಹೆಂಡಿರಿದ್ದರು. ಅವರ ಹೆಂಡಿರಿಗೂ ಅದೇ ಸೂಜಿ ಕಾದಿತ್ತು. ಅಂದು ಸಂಜೆ ಬಸ್ಸು ಹಿಡಿಯದೆ ಬಸವನಗುಡಿಯ ಮನೆಗೆ ನಡೆದೇ ಹೋದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹಸಿರು ಪರದೆಯನ್ನು ಕೊಂಡಿಗಳಿಂದ ಬಿಡಿಸಿ ಮಡಿಸಿಟ್ಟೆ. ನನ್ನ ಸ್ಟೂಲನ್ನು ಓಣಿಯ ಕಿಟಕಿಯ ಬಳಿ ಹಾಕಿಕೊಂಡೆ. ಹೊರಗೆ ನಡುವಯಸ್ಸಿನ ಗಂಡಸೊಬ್ಬರು ಕಾಗದ ಸುತ್ತಿದ ಬಾಟಲಿ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಅದನ್ನು ಬೆನ್ನ ಹಿಂದೆ ಸರಿಸಿ, "ಅಟೆಂಡ್ರು ಇಲ್ವಾ?" ಎಂದರು.

"ನನಗೇ ಹೇಳಿ," ಎಂದೆ. "ಎಲ್ಲಿ ನೋವು? ಕೂತಾಗಲೋ, ಮೂತ್ರ ಮಾಡುವಾಗಲೋ?" ಅವರು ನೆಲ ನೋಡಿದರು. ಅವರು ಬಾಯಿಬಿಡುವವರೆಗೆ ನಾನು ಕಾದೆ. ಅವರು ಹೇಳಿ ಮುಗಿಸಿದ ಮೇಲೆ ತೊಳೆದ ಎರಡು ಖಾಲಿ ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೊದಲಿನದನ್ನು ಯಾವುದರಲ್ಲಿ, ನಡುವಿನದನ್ನು ಯಾವುದರಲ್ಲಿ ಹಿಡಿಯಬೇಕೆಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದೆ.